ಹದಿನೇಳನೇ ಪೀಪಾಯಿ

ತೋಟದ ಮನೆ
ಜನವರಿ 14

ಪ್ರೀತಿಯ ಅತ್ತೆಗೆ,

ನಿಮ್ಮ ಕಾಗದ ಖಾಲಿ ಪೆಟ್ಟಿಗೆಯ ಹುಲ್ಲಿನ ನಡುವೆ ಸಿಕ್ಕಿತು. ಲಾರಿಯಣ್ಣ "ಕೈಗೇ ಕೊಡು ಅಂದಿದ್ರು ನಿಮ್ಮತ್ತೆ, ಎಲ್ಲಿಟ್ಟೆ ಅಂತ ನಂಗೇ ಮರೆತುಹೋಗಿತ್ತು" ಎಂದು ಹಲ್ಲು ಕಿರಿದ. ಫೋನ್ ಬೇಡ, ಬರೆದೇ ಕಳಿಸು ಎಂದಿದ್ದೀರಿ. ಅದೇ ಒಳ್ಳೆಯದು. ಫೋನ್ ಇರುವುದು ಅಪ್ಪನ ಮೇಜಿನ ಮೇಲೆ. ಅಲ್ಲಿ ನಿಂತು ಮಾತಾಡಿದರೆ ನಾನು ಬರೀ ಹೂಂಗುಟ್ಟಬೇಕಾಗುತ್ತದೆ.

ಶಾಲೆಯ ಮಾತಿಗೆ ಮೊದಲೇ ಉತ್ತರ ಹೇಳಿಬಿಡುತ್ತೇನೆ. ನಾನು ಬರುವುದಿಲ್ಲ. ನಿಮ್ಮ ಮಹಡಿಯ ಕೋಣೆ ಖಾಲಿ ಇದೆ, ಜುಲೈ ಒಂದರವರೆಗೆ ಸೀಟು ಹಿಡಿದಿಟ್ಟಿರುತ್ತಾರೆ, ಒಂದು ವರ್ಷ ಕಣ್ಣು ಮುಚ್ಚಿಕೊಂಡು ಓದಿದರೆ ಪರೀಕ್ಷೆ ಮುಗಿಯುತ್ತದೆ ಎಂದೆಲ್ಲ ಬರೆದದ್ದನ್ನು ಓದಿದೆ. ಬೆಂಚಿನ ಮೇಲೆ ಒಂದು ಗಂಟೆ ಕೂತರೆ ನನ್ನ ಕಾಲು ತಾನಾಗಿಯೇ ಎದ್ದು ಹೊರಡುತ್ತದೆ. ಪಾದರಸ ಎಂದು ನನಗೆ ಹೆಸರಿಟ್ಟವರು ನೀವೇ.

ಎರಡು ವರ್ಷದ ಹಿಂದೆ, ಹದಿನಾರಕ್ಕೆ, ನಾನು ಪುಸ್ತಕದ ಚೀಲವನ್ನು ಅಟ್ಟಕ್ಕೆ ಎಸೆದ ದಿನ ಅಮ್ಮ ಅತ್ತಳು. ನೀವು ಫೋನಿನಲ್ಲಿ ಕೂಗಾಡಿದಿರಿ. ಅಪ್ಪ ಒಬ್ಬರೇ, "ಸರಿ, ನಾಳೆಯಿಂದ ನೆಲಮಾಳಿಗೆಗೆ ಬಾ" ಎಂದರು. ಬೇರೆ ಒಂದು ಮಾತೂ ಇಲ್ಲ. ನನ್ನನ್ನು ನಂಬಿದವರು ಅವರೊಬ್ಬರೇ. ಅದನ್ನು ಬಿಟ್ಟು ನಾನು ಎಲ್ಲಿಗೆ ಬರಲಿ?

ಪೀಪಾಯಿ ನೋಡುವ ಕೆಲಸ ನಿನ್ನೆಗೆ ಮುಗಿಯಿತು. ನಾಲ್ಕು ದಿನ ಹಿಡಿಯಿತು. ನೀವು ನೆಲಮಾಳಿಗೆಗೆ ಇಳಿದು ಯಾವ ಕಾಲವಾಯಿತೋ, ಅದಕ್ಕೇ ಬಿಡಿಸಿ ಬರೆಯುತ್ತಿದ್ದೇನೆ. ಏನೂ ಬದಲಾಗಿಲ್ಲ. ಕೆಳಗೆ ಇಳಿದ ಮೇಲೆ ಯಾರೂ ಬಾಯಿ ಬಿಡುವಂತಿಲ್ಲ. ಒಬ್ಬರ ಮಾತು ಇನ್ನೊಬ್ಬರ ನಾಲಿಗೆಯನ್ನು ಕೆಡಿಸುತ್ತದೆ ಎಂದು ನಿಮ್ಮಪ್ಪ ಮಾಡಿದ ನಿಯಮ ಈಗಲೂ ಹಾಗೇ ಇದೆ. ಪೀಪಾಯಿ ಕಟ್ಟುವ ತಾತ ಬಿರಡೆ ತೆಗೆಯುತ್ತಾರೆ, ಅಪ್ಪ ಗಾಜಿನ ನಳಿಕೆ ಇಳಿಸಿ ಒಂದು ಗುಟುಕು ವೈನ್ ಎಳೆಯುತ್ತಾರೆ. ಚೆನ್ನಾಗಿದ್ದರೆ ಪೀಪಾಯಿಯ ಮುಖದ ಮೇಲೆ ಸೀಮೆಸುಣ್ಣದಿಂದ ಒಂದು ಸೊನ್ನೆ, ಇಲ್ಲದಿದ್ದರೆ ಒಂದು ಗೀಟು. ಸೊನ್ನೆ ಬಿದ್ದದ್ದು ನಮ್ಮ ಮನೆಯ ಹೆಸರಿನ ಬಾಟಲಿಗೆ, ಗೀಟು ಬಿದ್ದದ್ದು ವಿನೆಗರ್ ಮಾಡುವವರಿಗೆ. ಸೀಮೆಸುಣ್ಣ ಯಜಮಾನನ ಕೈ ಬಿಟ್ಟು ಇನ್ನೊಂದು ಕೈಗೆ ಹೋಗುವುದಿಲ್ಲ.

ಒಂದೇ ಒಂದು ಹೊಸದು. ನಾನು ಬಂದಾಗಿನಿಂದ ಅಪ್ಪ ಗ್ಲಾಸನ್ನು ಮೊದಲು ನನಗೆ ಕೊಡುತ್ತಾರೆ. ನಾನು ಮೂಸಿ, ಬಾಯಲ್ಲಿ ಆಡಿಸಿ, ಉಗಿಯುವ ತನಕ ಕಾಯುತ್ತಾರೆ. ಆಮೇಲೆ ತಾವು ಕುಡಿದು ಗುರುತು ಹಾಕುತ್ತಾರೆ. ಮಗಳನ್ನು ತಯಾರು ಮಾಡುತ್ತಿದ್ದಾರೆ ಎಂದು ತಾತ ಎಲ್ಲರ ಹತ್ತಿರ ಹೇಳಿಕೊಂಡು ತಿರುಗುತ್ತಿದ್ದಾರೆ.

ನಲವತ್ತೊಂದು ಪೀಪಾಯಿಗಳಲ್ಲಿ ಮೂವತ್ತೆಂಟಕ್ಕೆ ಸೊನ್ನೆ. ಶಾಲೆಯಲ್ಲಿ ನನಗೆ ಬಿದ್ದ ಸೊನ್ನೆ ನೋಡಿ ತಲೆ ಚಚ್ಚಿಕೊಳ್ಳುತ್ತಿದ್ದಿರಲ್ಲ, ಇವನ್ನು ನೋಡಿ ಸಮಾಧಾನ ಮಾಡಿಕೊಳ್ಳಿ. ಬೇಕಾದರೆ ಪಂದ್ಯ ಕಟ್ಟೋಣ. ಈ ಸಲದ ಒಂದೇ ಒಂದು ಬಾಟಲಿ ಕೆಟ್ಟಿದೆ ಎಂದು ನಿಮ್ಮ ಅಂಗಡಿಗೆ ವಾಪಸ್ ಬಂದರೂ ನಾನೇ ಗಂಟು ಕಟ್ಟಿಕೊಂಡು ಬಂದು ಬೆಂಚಿನ ಮೇಲೆ ಕೂರುತ್ತೇನೆ. ಬರಲಿಲ್ಲವೋ, ಶಾಲೆಯ ಮಾತು ನಮ್ಮಿಬ್ಬರ ನಡುವೆ ಮತ್ತೆ ಏಳಬಾರದು.

ಇನ್ನೊಂದು ವಿಷಯ ಬರೆಯಬೇಕು ಎಂದುಕೊಂಡಿದ್ದೆ. ಬಿಡಿ, ದೊಡ್ಡದೇನಲ್ಲ.

ನಿಮ್ಮ
ಪಾದರಸ


ಬಂದರಿನ ಅಂಗಡಿ
ಜನವರಿ 28

ಪಾದರಸಕ್ಕೆ ಆಶೀರ್ವಾದಗಳು.

ಪಂದ್ಯ ಒಪ್ಪಿದೆ. ಕೋಣೆಗೆ ಸುಣ್ಣ ಹೊಡೆಸಿ ಇಟ್ಟಿರುತ್ತೇನೆ. ನೀನು ಗೆದ್ದರೆ ಅಲ್ಲಿ ಪೆಟ್ಟಿಗೆ ಪೇರಿಸುತ್ತೇನೆ, ನನಗೇನು ನಷ್ಟ.

ನೀನು ಬರೆದ ಆ ಸೊನ್ನೆಯನ್ನು ಇಲ್ಲಿನವರು ಹೇಗೆ ನೋಡುತ್ತಾರೆ ಎಂದು ನಿನಗೆ ಗೊತ್ತಿಲ್ಲ. ಬಾಟಲಿಯ ಚೀಟಿಯ ಮೂಲೆಯಲ್ಲಿ ಅಚ್ಚಾಗಿರುವ ಆ ಪುಟ್ಟ ಸುತ್ತನ್ನು ಹೆಬ್ಬೆರಳಿನಿಂದ ಒಮ್ಮೆ ಸವರುತ್ತಾರೆ, ಏನೂ ಕೇಳದೆ ಚೀಲಕ್ಕೆ ಹಾಕಿಕೊಳ್ಳುತ್ತಾರೆ. ಹೊಸ ಗಿರಾಕಿ ಯಾರಾದರೂ ರುಚಿ ನೋಡಬೇಕು ಎಂದರೆ ಪಕ್ಕದಲ್ಲಿದ್ದವರೇ "ಸೊನ್ನೆ ಇದೆಯಲ್ರೀ, ಇನ್ನೇನು ನೋಡ್ತೀರ" ಎನ್ನುತ್ತಾರೆ. ಇಷ್ಟು ವರ್ಷ ನಾನು ಇಲ್ಲಿ ಕೂತು ಮಾರುತ್ತಿರುವುದು ಅಣ್ಣನ ಮೂಗನ್ನೇ. ಅದಕ್ಕೆ ಪಂದ್ಯ ಕಟ್ಟುವಾಗ ಸ್ವಲ್ಪ ನಡುಗು. ನೀನು ಒತ್ತೆ ಇಟ್ಟಿರುವುದು ನಿನ್ನದೊಂದನ್ನೇ ಅಲ್ಲ.

ಗ್ಲಾಸನ್ನು ಮೊದಲು ನಿನಗೆ ಕೊಡುತ್ತಾನೆ ಎಂದು ಓದಿ ಖುಷಿಯಾಯಿತು ಎಂದು ಬರೆಯಬೇಕಾದದ್ದು ಮರ್ಯಾದೆ. ಖುಷಿಯಾಗಲಿಲ್ಲ. ಆ ನೆಲಮಾಳಿಗೆಯಲ್ಲಿ ನಮ್ಮಪ್ಪ ನನ್ನ ಕೈಗೆ ಗ್ಲಾಸು ಕೊಡುತ್ತಿದ್ದದ್ದು ತೊಳೆದು ತರುವುದಕ್ಕೆ. ಇರಲಿ, ಅದು ಹಳೆಯ ಮಾತು.

ಅಣ್ಣ ನಿನಗೆ ಕಲಿಸುತ್ತಿದ್ದಾನೆ ಎಂದರೆ ಅವನಿಗೆ ವಯಸ್ಸಾಯಿತು ಎಂದು ಅರ್ಥ. ನೀನು ಅವನ ಬೆನ್ನಿಗೆ ಇರು, ಆದರೆ ಪರೀಕ್ಷೆ ಮುಗಿಸಿ ಇರು ಎನ್ನುವುದಷ್ಟೇ ನನ್ನ ಹಟ.

ಆ ದೊಡ್ಡದಲ್ಲದ ವಿಷಯ ಏನು? ಹೇಳಬೇಕು ಎನ್ನಿಸಿದ್ದನ್ನು ನುಂಗುವ ಅಭ್ಯಾಸ ನಿನಗೆ ಇರಲಿಲ್ಲ.

ನಿನ್ನ ಅತ್ತೆ


ತೋಟದ ಮನೆ
ಏಪ್ರಿಲ್ 19

ಅತ್ತೆಗೆ,

ಬಾಟಲಿ ತುಂಬುವ ಕೆಲಸದಲ್ಲಿ ಕಾಗದ ತಡವಾಯಿತು. ಇಡೀ ಮನೆ ಅಂಟಂಟು. ಬಾಗಿಲ ಚಿಲಕ ಹಿಡಿದರೆ ಕೈ ಬಿಡಿಸಿಕೊಳ್ಳಬೇಕು. ಎಂದಿನಂತೆ ಒಂದು ಪೀಪಾಯಿಯದನ್ನು ಇನ್ನೊಂದಕ್ಕೆ ಬೆರೆಸದೆ ತುಂಬಿ, ಚೀಟಿಯ ಹಿಂದೆ ಪೀಪಾಯಿಯ ನಂಬರು ಬರೆದಿದ್ದೇವೆ. ಈ ಲಾರಿಯಲ್ಲಿ ಹದಿನಾರು, ಹದಿನೇಳು, ಹದಿನೆಂಟು ಬರುತ್ತಿವೆ. ದೊಡ್ಡ ಹೋಟೆಲಿನವರಿಗೆ ಹದಿನೇಳು ಕೊಡಿ ಎಂದು ಅಪ್ಪ ಹೇಳಿದ್ದಾರೆ. ಆ ಸಾಲಿನ ಬಳ್ಳಿಗಳು ಕಲ್ಲುನೆಲದಲ್ಲಿವೆ, ಪ್ರತಿ ವರ್ಷವೂ ಅದೇ ಎಲ್ಲಕ್ಕಿಂತ ಚೆನ್ನಾಗಿರುವುದಂತೆ.

ಮೊನ್ನೆ ಇಲ್ಲಿ ಒಂದು ತಮಾಷೆ ನಡೆಯಿತು. ಅಮ್ಮ ಒಲೆಯ ಮೇಲೆ ಹಾಲಿಟ್ಟು ಬಟ್ಟೆ ಒಣಗಿಸಲು ಹೋಗಿದ್ದಳು. ನಾನು ಗೇಟಿನ ಹತ್ತಿರ ಬರುವಾಗಲೇ ಸೀದ ವಾಸನೆ ಮೂಗಿಗೆ ಹೊಡೆಯಿತು. ಓಡಿಬಂದು ನೋಡಿದರೆ ಅಡುಗೆಮನೆ ತುಂಬ ಹೊಗೆ. ಅಪ್ಪ ಅದೇ ಬಾಗಿಲ ಪಕ್ಕ ಆಚೆ ಮುಖ ಮಾಡಿ ಕುರ್ಚಿಯಲ್ಲಿ ಕೂತು ಪೇಪರ್ ಓದುತ್ತಿದ್ದಾರೆ.

"ಮನೆ ಹತ್ಕೊಂಡು ಉರಿದ್ರೂ ಪುಟ ತಿರುಗಿಸ್ತಾ ಕೂತಿರ್ತೀರಲ್ಲಪ್ಪ" ಎಂದೆ.

"ಓದೋದ್ರಲ್ಲಿ ಮುಳುಗಿಬಿಟ್ಟಿದ್ದೆ ಕಣೆ" ಎಂದರು.

ನಾನು ಬಿದ್ದು ಬಿದ್ದು ನಕ್ಕೆ. ಅಮ್ಮ ನಗಲಿಲ್ಲ. ಪಾತ್ರೆ ಉಜ್ಜುತ್ತಾ, "ಸಾಕು, ಅದೇನು ಕಿಸಿಯೋದು, ಹೋಗಿ ಕೈ ತೊಳ್ಕೋ" ಎಂದು ನನ್ನನ್ನೇ ಗದರಿದಳು. ಹಾಲು ಇಟ್ಟು ಮರೆತವಳು ಅವಳು, ಬೈಸಿಕೊಂಡವಳು ನಾನು.

ಅಪ್ಪ ಈಚೆಗೆ ತೋಟದಲ್ಲೇ ಹೆಚ್ಚು ಹೊತ್ತು ಇರುತ್ತಾರೆ. ಬಳ್ಳಿಯ ಎಲೆಯನ್ನು ಬೆರಳಲ್ಲಿ ಹಿಸುಕಿ ಮೂಗಿನ ಹತ್ತಿರ ಹಿಡಿದು ನಿಂತಿರುತ್ತಾರೆ. ಕರೆದರೆ ಬೆಚ್ಚುತ್ತಾರೆ. ವಯಸ್ಸಾಯಿತು ಎಂದು ನೀವು ಬರೆದದ್ದು ನಿಜವಿರಬಹುದು.

ಪಂದ್ಯ ನೆನಪಿದೆ ತಾನೆ? ಪೆಟ್ಟಿಗೆ ಪೇರಿಸಲು ಶುರುಮಾಡಿ.

ಪಾದರಸ


ಬಂದರಿನ ಅಂಗಡಿ
ಜೂನ್ 3

ಪಾದರಸ,

ಹೋಟೆಲಿನವರು ಹದಿನೇಳನೇ ಪೀಪಾಯಿಯ ಇಪ್ಪತ್ತು ಪೆಟ್ಟಿಗೆಯನ್ನೂ ವಾಪಸ್ ಕಳಿಸಿದ್ದಾರೆ. ಅಂಗಡಿಯ ಬಾಗಿಲಲ್ಲಿ, ಗಿರಾಕಿಗಳ ಎದುರಿಗೇ ಇಳಿಸಿ ಹೋದರು. ನಾನು ಐದು ಬಾಟಲಿ ಬಿಚ್ಚಿದೆ. ಐದರಲ್ಲೂ ನೆಂದ ರಟ್ಟಿನ ವಾಸನೆ, ವರ್ಷಗಟ್ಟಲೆ ಮುಚ್ಚಿದ ಪೆಟಾರಿಯ ಮುಗ್ಗಲು. ಕುಡಿದರೆ ಕಾಯಿಲೆ ಬೀಳುವಂಥದ್ದೇನಲ್ಲ. ಆದರೆ ಗ್ಲಾಸನ್ನು ಮುಖದ ಹತ್ತಿರ ತಂದವರು ಯಾರೂ ಕುಡಿಯಲಾರರು.

ಬಿರಡೆ ಕೆಟ್ಟಿತ್ತು ಎಂದು ಅವರಿಗೆ ಹೇಳಿದ್ದೇನೆ. ನಮಗೆ ಬಿರಡೆ ಒದಗಿಸುವವರಿಗೂ ಹಾಗೇ ಹೇಳಿ ಮುಂದಿನ ಸರಕು ಬೇಡ ಎಂದಿದ್ದೇನೆ.

ನಿಜವಾಗಿಯೂ ಬಿರಡೆಯೇ ತಾನೆ? ತಡಮಾಡದೆ ಬರೆ. ಪಂದ್ಯದ ಮಾತು ಆಮೇಲೆ.

ಅತ್ತೆ


ತೋಟದ ಮನೆ
ಜೂನ್ 6

ಅತ್ತೆಗೆ,

ಬಿರಡೆ ಅಲ್ಲ. ನಾನು.

ಜನವರಿಯಲ್ಲಿ ಬರೆಯದೆ ಬಿಟ್ಟ ವಿಷಯ ಇದು. ಪೀಪಾಯಿ ನೋಡುವ ಮೊದಲಿನ ವಾರವೆಲ್ಲ ನಾನು ಹಿಮ ಬೀಳುವಾಗ ಬಳ್ಳಿಯ ರೆಂಬೆ ಕತ್ತರಿಸುತ್ತಿದ್ದೆ. ಎರಡನೇ ದಿನ ಬೆಳಗ್ಗೆ ಏಳುವಾಗ ಮೂಗಿಗೆ ಬಿರಡೆ ಜಡಿದ ಹಾಗಾಗಿತ್ತು. ನೆಗಡಿಯಾದವರು ನೆಲಮಾಳಿಗೆಗೆ ಇಳಿಯುವಂತಿಲ್ಲ ಎಂದು ನಿಮಗೂ ಗೊತ್ತು. ಹೇಳಿದ್ದರೆ ಅಪ್ಪ ಮೇಲೆ ಕಳಿಸುತ್ತಿದ್ದರು. ಆ ದಿನವೊಂದು ತಪ್ಪಿದರೆ ನನ್ನ ಜಾಗ ಹೋಗುತ್ತದೆ, ನೀವು ಹೇಳಿದ್ದೇ ಸರಿ ಎಂದಾಗುತ್ತದೆ ಎಂಬ ಭಯ. ಕರವಸ್ತ್ರವನ್ನು ತೋಳಿನೊಳಗೆ ತುರುಕಿಕೊಂಡು ಇಳಿದೆ.

ಹನ್ನೊಂದರಿಂದ ಇಪ್ಪತ್ತರವರೆಗೆ ನನಗೆ ಯಾವ ವಾಸನೆಯೂ ಸಿಗಲಿಲ್ಲ. ನಾಲಿಗೆಯ ಮೇಲೆ ಹುಳಿ, ಒಗರು, ಅಷ್ಟೇ. ಮೂಸಿದ ಹಾಗೆ ಮಾಡಿ, ಹತ್ತಕ್ಕೂ ಒಂದೇ ಮುಖ ಇಟ್ಟುಕೊಂಡು ಗ್ಲಾಸನ್ನು ದಾಟಿಸಿದೆ. ನನ್ನ ಮೂಗು ಇದ್ದರೂ ಬಿಟ್ಟರೂ ಏನು, ಸೊನ್ನೆ ಹಾಕುವವರು ಅಪ್ಪ ತಾನೆ ಎಂದುಕೊಂಡೆ. ಮರುದಿನ ಮೂಗು ಬಿಟ್ಟಿತು. ಯಾರಿಗೂ ಹೇಳಲಿಲ್ಲ.

ನಿಮ್ಮ ಕಾಗದ ಬಂದ ಕೂಡಲೇ ಆ ಹತ್ತು ನಂಬರಿನದರಿಂದ ಒಂದೊಂದು ಬಾಟಲಿ ಬಿಚ್ಚಿ ನೋಡಿದೆ. ಒಂಬತ್ತು ಸರಿಯಿವೆ. ಹದಿನೇಳನೆಯದು ಮಾತ್ರ ನೀವು ಬರೆದ ಹಾಗೇ ಇದೆ. ಖಾಲಿ ಪೀಪಾಯಿಯ ಒಳಗೆ ತಲೆ ಹಾಕಿದೆ. ಹಲಗೆಯೇ ಬೂಷ್ಟು ಹಿಡಿದಿದೆ.

ಬಿರಡೆಯವರದು ಇದರಲ್ಲಿ ಏನೂ ತಪ್ಪಿಲ್ಲ. ದಯವಿಟ್ಟು ಇವತ್ತೇ ಹೋಗಿ ಅವರಿಗೆ ಹೇಳಿ.

ಪಂದ್ಯ ಸೋತಿದ್ದೇನೆ. ಬರುತ್ತೇನೆ.

ಪಾದರಸ


ಬಂದರಿನ ಅಂಗಡಿ
ಜೂನ್ 10

ಪಾದರಸ,

ನೆಗಡಿ ಮುಚ್ಚಿಟ್ಟದ್ದು ತಪ್ಪು. ಹೇಳಿಕೊಂಡದ್ದು ನಿನ್ನ ಗುಣ. ಬೈಯಲು ಕೂತರೆ ಕಾಗದ ಸಾಲದು, ಅದನ್ನು ಎದುರಿಗೇ ಮಾಡುತ್ತೇನೆ.

ಆದರೆ ನನ್ನ ಪ್ರಶ್ನೆ ಬೇರೆ. ನಿನಗೆ ನೆಗಡಿಯಾಗಿತ್ತು. ಅಣ್ಣನಿಗೆ ಏನಾಗಿತ್ತು? ನಿನ್ನ ನಂತರ ಅದೇ ಗ್ಲಾಸನ್ನು ಅವನೂ ಕುಡಿದನಲ್ಲ. ಅಂಥ ಮುಗ್ಗಲು ವಾಸನೆಯನ್ನು ಅವನು ಮೂರು ಪೀಪಾಯಿಯ ಆಚೆಯಿಂದ ಹಿಡಿಯುತ್ತಿದ್ದವನು. ಅದಕ್ಕೆ ಸೊನ್ನೆ ಹಾಕಿ, ಮೇಲಿಂದ ಹೋಟೆಲಿಗೇ ಕೊಡು ಎಂದು ಹೇಳಿ ಕಳಿಸಿದ್ದಾನೆ.

ಕುಡಿಯುವುದು ಹೆಚ್ಚಾಗಿದೆಯೇ? ನಿಮ್ಮಮ್ಮನನ್ನು ಕೇಳಿದರೆ ಅವಳು ಹೇಳುವುದಿಲ್ಲ. ಅದಕ್ಕೇ ನಿನ್ನನ್ನು ಕೇಳುತ್ತಿದ್ದೇನೆ. ಬಿರಡೆಯವರ ವಿಷಯ ಸ್ವಲ್ಪ ತಡೆ. ಸೊನ್ನೆಯೇ ತಪ್ಪಾಗಿತ್ತು ಎಂದು ಊರಿಗೆ ಗೊತ್ತಾದರೆ ನಮಗೆ ಉಳಿಯುವುದು ಏನು?

ಅತ್ತೆ


ತೋಟದ ಮನೆ
ಜೂನ್ 18

ಅತ್ತೆಗೆ,

ನಿಮ್ಮ ಪ್ರಶ್ನೆ ಓದಿ ಮೊದಲು ಸಿಟ್ಟು ಬಂತು. ಅಪ್ಪ ಊಟದ ಜೊತೆ ಅರ್ಧ ಗ್ಲಾಸಿನ ಮೇಲೆ ಮುಟ್ಟುವವರಲ್ಲ. ಸಿಟ್ಟು ಇಳಿದ ಮೇಲೆ ಪ್ರಶ್ನೆ ಮಾತ್ರ ಉಳಿಯಿತು. ಆಗ ಸೀದ ಹಾಲು ನೆನಪಾಯಿತು. ಅಮ್ಮ ನಗದೇ ಇದ್ದದ್ದು ನೆನಪಾಯಿತು.

ನಾನು ಮಾಡಿದ್ದು ಸರಿಯೋ ತಪ್ಪೋ ಗೊತ್ತಿಲ್ಲ. ನಿನ್ನೆ ಮಧ್ಯಾಹ್ನ ಎರಡು ಗ್ಲಾಸು ತೆಗೆದುಕೊಂಡು ನೆಲಮಾಳಿಗೆಗೆ ಇಳಿದೆ. ಒಂದರಲ್ಲಿ ಹದಿನಾರನೆಯದು, ಇನ್ನೊಂದರಲ್ಲಿ ಹದಿನೇಳು. ಅಪ್ಪ ಒಬ್ಬರೇ ನಳಿಕೆ ಒರೆಸುತ್ತಿದ್ದರು. "ಯಾವುದು ಕೆಟ್ಟಿದೆ ಹೇಳಿ" ಎಂದು ಎರಡನ್ನೂ ಅವರ ಮುಂದೆ ಇಟ್ಟೆ. ಕೆಳಗೆ ಬಾಯಿ ಬಿಡಬಾರದೆಂಬ ನಿಯಮವೂ ಮುರಿಯಿತು.

ಅವರು ಮೊದಲನೆಯದನ್ನು ಎತ್ತಿ ಮೂಸಿದರು. ಎರಡನೆಯದನ್ನು ಮೂಸಿದರು. ಆಮೇಲೆ ಗ್ಲಾಸು ಬಿಟ್ಟು ನನ್ನ ಮುಖ ನೋಡಿದರು. ನಾನು ಮುಖವನ್ನು ಕಲ್ಲು ಮಾಡಿಕೊಂಡೆ. ಅವರು ನೋಡುತ್ತಲೇ ಇದ್ದರು. ಎರಡು ವರ್ಷದಿಂದ ಪ್ರತಿ ಪೀಪಾಯಿಯ ಮುಂದೆ ಅವರು ನನ್ನನ್ನು ಹಾಗೇ ನೋಡುತ್ತಿದ್ದರು ಎಂದು ಆಗ ಹೊಳೆಯಿತು. ತಡೆಯಲಾರದೆ ಬೇರೆ ಕಡೆ ತಿರುಗಿದೆ.

"ಮುಖ ತಿರುಗಿಸ್ಕೋಬೇಡ ಮಗಳೆ" ಎಂದರು. "ನಂಗೆ ಓದೋಕೆ ಬರೋದು ಅದೊಂದೇ."

ಮೂರು ಚಳಿಗಾಲದ ಹಿಂದೆ ಅವರಿಗೆ ಜ್ವರ ಬಂದಿತ್ತಲ್ಲ. ಜ್ವರ ಹೋಯಿತು, ವಾಸನೆ ವಾಪಸ್ ಬರಲಿಲ್ಲ. ಅಮ್ಮನಿಗೆ ಗೊತ್ತು. ಇನ್ನು ಯಾರಿಗೂ ಗೊತ್ತಿಲ್ಲ.

"ಯಾಕಪ್ಪ ಹೇಳ್ಲಿಲ್ಲ?"

"ಇವತ್ತು ಬರತ್ತೆ, ನಾಳೆ ಬರತ್ತೆ ಅನ್ಕೊಂಡಿದ್ದೆ. ಸೀಮೆಸುಣ್ಣ ಕೈಲಿತ್ತು. ಕೆಳಗಿಡೋಕೆ ಆಗ್ಲಿಲ್ಲ."

"ಅವತ್ತು ನಂಗೆ ನೆಗಡಿ ಆಗಿತ್ತು. ನಾನೂ ಹೇಳ್ಲಿಲ್ಲ."

ಅಪ್ಪ ಎರಡೂ ಗ್ಲಾಸನ್ನು ಪಕ್ಕಕ್ಕೆ ಸರಿಸಿದರು. "ಹದಿನೇಳರ ಮುಂದೆ ಎರಡು ಸಲ ನೋಡ್ದೆ ನಿನ್ನ. ಮುಖದಲ್ಲಿ ಏನೂ ಇರ್ಲಿಲ್ಲ. ಚೆನ್ನಾಗಿದೆ ಅನ್ಕೊಂಡೆ" ಎಂದರು. ಆಮೇಲೆ ನಕ್ಕರು. "ಮೂಗಿಲ್ಲದವರಿಬ್ಬರು ಸೇರ್ಕೊಂಡು ಸೊನ್ನೆ ಹಾಕಿದ್ವಲ್ಲೇ." ಆ ನಗುವನ್ನು ನೀವು ನೋಡಬಾರದು ಅತ್ತೆ.

ಅಲ್ಲಿಗೇ ಬಿಡಬಹುದಿತ್ತು. ನನ್ನ ಬಾಯಿ ಬಿಡಲಿಲ್ಲ. "ನಾನು ಸ್ಕೂಲ್ ಬಿಟ್ಟಾಗ ನೀವು ಬೈಲಿಲ್ಲ. ಅದಕ್ಕೇನಾ?" ಎಂದು ಕೇಳಿದೆ.

ಇಲ್ಲ ಎನ್ನುತ್ತಾರೆ ಎಂದು ಕಾದೆ.

"ಮೊದಲನೇ ದಿನ, ಹೌದು" ಎಂದರು.

ಅಪ್ಪನೂ ಸುಳ್ಳು ಹೇಳುವವರಲ್ಲ, ಕೇಳಿದರೆ. ನಾವು ಯಾರೂ ಕೇಳಿರಲಿಲ್ಲ.

ಪಾದರಸ


ತೋಟದ ಮನೆ
ಜೂನ್ 25

ಅತ್ತೆಗೆ,

ಲಾರಿ ಬಂತು, ನಿಮ್ಮ ಕಾಗದ ಬರಲಿಲ್ಲ. "ಏನೂ ಕೊಡ್ಲಿಲ್ಲಮ್ಮ, ಅಂಗಡಿ ಬಾಗಿಲೇ ಅರ್ಧ ಹಾಕಿತ್ತು" ಎಂದ ಲಾರಿಯಣ್ಣ. ನನ್ನ ಮೇಲೆ ಸಿಟ್ಟೋ, ಅಪ್ಪನ ಮೇಲೋ ತಿಳಿಯುತ್ತಿಲ್ಲ.

ಅಟ್ಟ ಹತ್ತಿ ಪುಸ್ತಕದ ಚೀಲ ಇಳಿಸಿದೆ. ಒಂದು ಪಟ್ಟಿಯನ್ನು ಇಲಿ ತಿಂದಿದೆ. ಸೋತದ್ದು ಸೋತದ್ದೇ, ಒಂದನೇ ತಾರೀಕಿನ ಲಾರಿಯಲ್ಲಿ ಬರುತ್ತೇನೆ. ಹೋಗಬೇಡ ಎಂದು ಅಪ್ಪ ಒಂದು ಮಾತು ಹೇಳಿದ್ದರೆ ಮಾತು ಮುರಿದು ಇಲ್ಲೇ ನಿಲ್ಲುತ್ತಿದ್ದೆನೇನೋ. ಅವರು ಹೇಳುತ್ತಿಲ್ಲ. ಅಮ್ಮ ನನ್ನ ಬಟ್ಟೆಗೆ ಇಸ್ತ್ರಿ ಹಾಕುತ್ತಾಳೆ, ಅವರು ಪಕ್ಕದಲ್ಲಿ ಕೂತು ಗುಂಡಿ ಹೊಲಿಯುತ್ತಾರೆ. ಬರುವ ಜನವರಿಯಲ್ಲಿ ಏನು ಮಾಡುತ್ತೀರಿ ಎಂದು ಕೇಳುವ ಧೈರ್ಯ ನನಗೆ ಈ ಸಲ ಬರಲಿಲ್ಲ.

ಬಿರಡೆಯವರಿಗೆ ನೀವು ಹೇಳಿದ್ದೀರಾ? ಇಲ್ಲದಿದ್ದರೆ ಲಾರಿ ಇಳಿದವಳು ನಾನು ಮೊದಲು ಅವರ ಅಂಗಡಿಗೆ ಹೋಗುತ್ತೇನೆ. ಆಮೇಲೆ ನಿಮ್ಮ ಮನೆಗೆ. ಇದನ್ನು ಬೆದರಿಕೆ ಎಂದುಕೊಳ್ಳಬೇಡಿ. ಮುಚ್ಚಿಟ್ಟುಕೊಂಡು ಓಡಾಡಿ ನೋಡಿದೆ, ನನ್ನ ಕೈಲಿ ಆಗುವುದಿಲ್ಲ.

ಪಾದರಸ


ಬಂದರಿನ ಅಂಗಡಿ
ಜೂನ್ 29

ಮಗು,

ಮೂರು ಸಲ ಬರೆದು ಹರಿದೆ. ಇದು ನಾಲ್ಕನೆಯದು.

ನಾನು ಯಾಕೆ ನೆಲಮಾಳಿಗೆಗೆ ಇಳಿಯುವುದಿಲ್ಲ ಎಂದು ನೀನು ಚಿಕ್ಕವಳಿದ್ದಾಗ ಕೇಳುತ್ತಿದ್ದೆ. ಮೆಟ್ಟಿಲು ಕಡಿದು, ಮಂಡಿ ನೋವು ಎಂದು ಏನೇನೋ ಹೇಳಿದ್ದೆ. ಹತ್ತೊಂಬತ್ತರಲ್ಲಿ ನನಗೆ ಮಂಡಿ ನೋವೇ? ಆ ವರ್ಷ ಒಂದು ಪೀಪಾಯಿಯ ಮುಂದೆ ಗ್ಲಾಸು ತೊಳೆಯಲು ಕಾಯುತ್ತಾ ನಿಂತಿದ್ದೆ. ನಮ್ಮಪ್ಪ ಸೀಮೆಸುಣ್ಣ ಎತ್ತಿದರು. "ಅಪ್ಪ, ಇದು ಕೆಟ್ಟಿದೆ" ಎಂದುಬಿಟ್ಟೆ. ಅಷ್ಟು ದೂರಕ್ಕೇ ನನಗೆ ವಾಸನೆ ಸಿಕ್ಕಿತ್ತು. ಅಪ್ಪ ನನ್ನ ಕಡೆ ತಿರುಗಲೂ ಇಲ್ಲ, ಸೊನ್ನೆ ಹಾಕಿದರು. "ಬಾಯಿ ಬಿಟ್ಟವರು ಮೇಲೆ ಹೋಗ್ಬೇಕು" ಎಂದರು. ನಾನು ಮೇಲೆ ಹೋದೆ. ಆ ವೈನ್ ವಾಪಸ್ ಬಂತು. ಮುಂದಿನ ವರ್ಷ ಸೀಮೆಸುಣ್ಣ ಅಣ್ಣನ ಕೈಗೆ ಹೋಯಿತು, ನಾನು ಅಂಗಡಿ ನೋಡಿಕೊಳ್ಳಲು ಇಲ್ಲಿಗೆ ಬಂದೆ. ಅಣ್ಣನಿಗೂ ಅವತ್ತು ಆ ವಾಸನೆ ಸಿಕ್ಕಿತ್ತು. ಅವನು ಬಾಯಿ ಬಿಡಲಿಲ್ಲ. ಇಪ್ಪತ್ತಾರು ವರ್ಷ ಅವನ ಮೂಗನ್ನು ಮಾರಿದೆ, ಆ ಒಂದು ದಿನವನ್ನು ಮಾತ್ರ ಮರೆಯಲಿಲ್ಲ.

ನಿನ್ನ ಕಾಗದ ಓದಿ ನನಗೆ ಮೊದಲು ಏನನ್ನಿಸಿತು ಗೊತ್ತೇ? ಆಗಬೇಕಾದದ್ದೇ ಆಯಿತು ಎಂದು. ಒಂದು ಗಳಿಗೆ ಅಷ್ಟೇ. ಆಮೇಲೆ ಅಂಗಡಿಯ ಬಾಗಿಲು ಅರ್ಧ ಮುಚ್ಚಿಕೊಂಡು ಒಳಗೆ ಕೂತೆ.

ನಿನ್ನೆ ಬಿರಡೆಯವರ ಅಂಗಡಿಗೆ ಹೋಗಿ ತಪ್ಪು ನಮ್ಮದು ಎಂದೆ. ಅವರು ಕುರ್ಚಿ ಎಳೆದುಕೊಟ್ಟರು, ನಾನು ಕೂರಲಿಲ್ಲ. ಹೋಟೆಲಿಗೂ ಹೋದೆ. ಈ ವರ್ಷಕ್ಕೆ ಬೇಡ ಎಂದರು. ಸಂಜೆ ಅಣ್ಣನಿಗೆ ಫೋನ್ ಮಾಡಿದೆ. "ಉಳಿದ ಚೀಟಿಗಳ ಮೇಲೆ ಸೊನ್ನೆ ಅಚ್ಚು ಹಾಕಿಸ್ಬೇಡ" ಎಂದು ಅವನೇ ಹೇಳಿದ. ನಾನು ಹೂಂ ಎಂದೆ. ಅವನು ಫೋನ್ ಇಡಲಿಲ್ಲ, ನಾನೂ ಇಡಲಿಲ್ಲ. 

ನೀನು ಬಾ. ಪಂದ್ಯ ಪಂದ್ಯವೇ. ಬೆಳಗ್ಗೆ ಬೆಂಚು, ಸಂಜೆ ಅಂಗಡಿ. ಜನವರಿಯಲ್ಲಿ ಒಂದಷ್ಟು ದಿನ ಅಂಗಡಿಯನ್ನು ನೀನೊಬ್ಬಳೇ ನೋಡಿಕೊಳ್ಳಬೇಕಾಗುತ್ತದೆ. ನನಗೆ ಸ್ವಲ್ಪ ಕೆಲಸವಿದೆ. ಮೆಟ್ಟಿಲು ಇನ್ನೂ ಅಷ್ಟೇ ಕಡಿದಾಗಿದೆಯೇ?

ಅತ್ತೆ


ತೋಟದ ಮನೆ
ಜನವರಿ 12

ಪಾದರಸ,

ಕಾಗದದ ತಲೆಯ ಮೇಲೆ ಈ ವಿಳಾಸ ಬರೆಯುವಾಗ ಕೈ ಒಂದು ಕ್ಷಣ ನಿಂತಿತು. ನಾನು ನಿನ್ನ ಕೋಣೆಯಲ್ಲಿ, ನೀನು ನನ್ನ ಅಂಗಡಿಯಲ್ಲಿ.

ಅಣ್ಣ ಸೊರಗಿಹೋಗಿದ್ದಾನೆ. ಊಟಕ್ಕೆ ಕೂತರೆ ತಟ್ಟೆಯನ್ನೇ ನೋಡುತ್ತಾನೆ. ನಾನು ಬಂದದ್ದು ಯಾಕೆ ಎಂದು ಅವನು ಕೇಳಲಿಲ್ಲ. ಮೊದಲನೇ ದಿನ ಬೆಳಗ್ಗೆ ನೆಲಮಾಳಿಗೆಯ ಬಾಗಿಲು ತೆಗೆದು ಹಿಡಿದುಕೊಂಡು, "ಹುಷಾರು, ಮೂರನೇ ಮೆಟ್ಟಿಲು ಸವೆದಿದೆ" ಎಂದ. ನಿಮ್ಮಮ್ಮ ಹಿಂದಿನಿಂದ ನನ್ನ ಹೆಗಲ ಮೇಲೆ ಶಾಲು ಹೊದಿಸಿದಳು.

ತಾತ ಬಿರಡೆ ತೆಗೆದರು, ಅಣ್ಣ ನಳಿಕೆ ಇಳಿಸಿದ. ಗ್ಲಾಸನ್ನು ನನ್ನ ಕೈಗೆ ಕೊಟ್ಟು ನನ್ನ ಮುಖ ನೋಡುತ್ತಾ ನಿಂತ. ನೀನು ಬರೆದದ್ದನ್ನು ಓದಿದ್ದೆ. ಆದರೂ ಆ ನೋಟದ ಮುಂದೆ ನಿಲ್ಲುವುದು ಕಷ್ಟ. ಇದನ್ನು ನೀನು ಎರಡು ವರ್ಷ ಏನೂ ಗೊತ್ತಿಲ್ಲದೆ ತಾಳಿಕೊಂಡೆ. ನಾನು ಬಾಯಿ ಬಿಟ್ಟೆ. "ಚೆನ್ನಾಗಿದೆ. ದ್ರಾಕ್ಷಿಯನ್ನು ಬಳ್ಳಿಯಲ್ಲಿ ಒಂದು ವಾರ ಹೆಚ್ಚಿಗೆ ಬಿಟ್ಟಿದ್ದೀಯ" ಎಂದೆ. ತಾತ ಹೌಹಾರಿ ಮೆಟ್ಟಿಲ ಕಡೆ ನೋಡಿದರು, ತೀರಿಹೋದ ನಮ್ಮಪ್ಪ ಎಲ್ಲಿ ಇಳಿದು ಬರುತ್ತಾರೋ ಎನ್ನುವ ಹಾಗೆ. ಯಾರೂ ಬರಲಿಲ್ಲ. ಅಣ್ಣ ಸೊನ್ನೆ ಹಾಕಿದ.

ಸೀಮೆಸುಣ್ಣ ಅವನ ಕೈಯಲ್ಲೇ ಇದೆ. ನಾನು ಕೇಳಲಿಲ್ಲ, ಅವನು ಕೊಡಲಿಲ್ಲ. ಆದರೆ ನಾನು ಹೇಳುವ ತನಕ ಅವನು ಕೈ ಎತ್ತಲಿಲ್ಲ. ಒಂದಕ್ಕೆ ಗೀಟು ಹಾಕು ಎಂದಾಗ, "ಅವತ್ತಿನದಕ್ಕೂ ನೀನು ಹೇಳಿದ್ದು ಸರಿಯಿತ್ತು" ಎಂದು ಪೀಪಾಯಿಯ ಕಡೆ ಮುಖ ಮಾಡಿಕೊಂಡೇ ಹೇಳಿದ. ಇಷ್ಟು ವರ್ಷದ ಮೇಲೆ, ಅದೂ ಬೆನ್ನು ತೋರಿಸಿಕೊಂಡು. ಇರಲಿ.

ನಿನ್ನೆ ಸಂಜೆಯ ಹೊತ್ತಿಗೆ ನಾನು ಸೋತುಹೋಗಿದ್ದೆ. ಆಗ ಅಣ್ಣ ಗ್ಲಾಸನ್ನು ನನಗೆ ಕೊಡದೆ ತಾನೇ ಬಾಯಿಗಿಟ್ಟ. ಕಣ್ಣು ಮುಚ್ಚಿಕೊಂಡು ತುಂಬ ಹೊತ್ತು ಆಡಿಸಿದ. "ಹುಳಿ ಇದೆ. ಒಗರೂ ಇದೆ" ಎಂದು ಗ್ಲಾಸನ್ನು ನನ್ನ ಕಡೆ ಚಾಚಿದ. "ಮಿಕ್ಕಿದ್ದು ನೀನು ಹೇಳು."

ಹದಿನೇಳನೆಯದನ್ನು ತಾತ ಬಿಚ್ಚಿ ಒಲೆಗೆ ಹಾಕಿದ್ದಾರೆ, ಆ ಜಾಗ ಖಾಲಿ ಬಿದ್ದಿದೆ. ಕೊನೆಯ ಮೂರನ್ನು ನಾವು ಮುಟ್ಟಿಲ್ಲ. "ಅವು ಪಾದರಸಕ್ಕೆ ಇರಲಿ" ಎಂದು ಅಣ್ಣ ಹೇಳಿದ್ದಾನೆ. ಇದನ್ನು ತಂದ ಲಾರಿ ಶನಿವಾರ ವಾಪಸ್ ಬರುತ್ತದೆ. ಬಾಗಿಲು ಹಾಕಿಕೊಂಡು ಅದರಲ್ಲಿ ಬಾ. ಅವನು ದಿನಕ್ಕೆರಡು ಸಲ ಗೇಟಿನ ತನಕ ಹೋಗಿ ನೋಡಿ ಬರುತ್ತಿದ್ದಾನೆ.

ಅತ್ತೆ


ಬಂದರಿನ ಅಂಗಡಿ
ಜನವರಿ 16

ಅತ್ತೆಗೆ,

ಕಾಗದವನ್ನು ನಾಲ್ಕು ಸಲ ಓದಿದೆ. ಅಪ್ಪ ಗ್ಲಾಸು ಚಾಚಿದ ಭಾಗವನ್ನು ಅದಕ್ಕಿಂತ ಹೆಚ್ಚು.

ಇಲ್ಲಿಯ ಸಮಾಚಾರ: ಸೊನ್ನೆ ಎಲ್ಲಿ ಹೋಯಿತು ಎಂದು ಬಂದವರೆಲ್ಲ ಕೇಳುತ್ತಾರೆ. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ. ಈ ವಾರ ಆರು ಜನ ಬಾಟಲಿಯನ್ನು ಕೆಳಗಿಟ್ಟು ಹೋದರು. ಒಬ್ಬ ಅಜ್ಜಿ ಮಾತ್ರ, "ಹಾಗಾದ್ರೆ ಬಿಚ್ಚು, ನಾನೇ ಮೂಸಿ ನೋಡ್ತೀನಿ" ಎಂದರು. ಮೂಸಿ ಎರಡು ಬಾಟಲಿ ತೆಗೆದುಕೊಂಡರು. ಗಣಿತದ ಕಿರುಪರೀಕ್ಷೆಯಲ್ಲಿ ಮೂವತ್ತೊಂಬತ್ತು ಬಂದಿದೆ. ಕಾಲು ಎದ್ದು ಓಡುವುದನ್ನು ನಿಲ್ಲಿಸಿಲ್ಲ, ಬೆಂಚಿನ ಕೆಳಗೆ ಒಂದಕ್ಕೊಂದು ಹೆಣೆದು ಕೂರುತ್ತೇನೆ.

ಮೊದಲನೇ ದಿನ ಹೌದು ಎಂದಿದ್ದರಲ್ಲ ಅಪ್ಪ, ಎರಡನೇ ದಿನದ್ದನ್ನು ನಾನು ಕೇಳಲೇ ಇಲ್ಲ. ಬಂದಾಗ ಕೇಳುತ್ತೇನೆ. ಈಗ ಕೇಳಲು ಹೆದರಿಕೆಯಿಲ್ಲ.

ಆದರೆ ಶನಿವಾರ ಲಾರಿಯಣ್ಣನ ಕೈಯಲ್ಲಿ ಈ ಕಾಗದ ಮಾತ್ರ ಬರುತ್ತದೆ. ಗೇಟಿನ ಹತ್ತಿರ ಕಾಯಬೇಡಿ ಎಂದು ಅಪ್ಪನಿಗೆ ಹೇಳಿ. ಮೂರು ಪೀಪಾಯಿಗಳು ಇನ್ನೊಂದು ವಾರ ಹಾಗೇ ಇರಲಿ, ಬಿರಡೆ ತೆಗೆಯಬೇಡಿ.

ನನಗೆ ನೆಗಡಿಯಾಗಿದೆ.

ಪಾದರಸ